ಮೂಗಿನಲ್ಲಿ ಮಾತಾಡುವ ನಾದಿನಿ

"ಬಿಡು" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಹಾಲು ಉಕ್ಕುವ ಸದ್ದು ಕೇಳಿ ಒಲೆ ಆರಿಸಲು ಹೋದರೆ ನಮ್ಮತ್ತೆ, "ಬಿಡು, ನಾನು ನೋಡ್ಕೋತೀನಿ" ಎನ್ನುತ್ತಾರೆ. ಬಟ್ಟೆ ಮಡಚಲು ಕೂತರೆ, "ಬಿಡು, ನಾನು ಮಡಚ್ತೀನಿ." ಒಮ್ಮೆ ನಾನು ನನ್ನದೇ ತಲೆ ಬಾಚಿಕೊಳ್ಳುತ್ತಿದ್ದಾಗಲೂ ಬಾಚಣಿಗೆ ಕಿತ್ತುಕೊಂಡಿದ್ದರು. ಕಣ್ಣು ಕಾಣದ ಸೊಸೆ ಎಂಬ ಕನಿಕರ ಅದು. ಸಿಟ್ಟಾಗಿದ್ದರೆ ನಾನೂ ಒಂದು ಕೈ ನೋಡಿಬಿಡುತ್ತಿದ್ದೆ. ಕನಿಕರದ ಜೊತೆ ಯಾರಾದರೂ ಹೇಗೆ ಜಗಳವಾಡುತ್ತಾರೆ?

ಮನೆಯಲ್ಲಿ ಕೇಳಿ ಕೇಳಿ ಸಾಕಾಗಿದ್ದ ಆ ಮಾತು ಶುಕ್ರವಾರ ಸಂಜೆ ನಮ್ಮ ಆಫೀಸಿನ ಮಾಲೀಕರ ಬಾಯಲ್ಲೂ ಬಂತು.

ನಾನು ಟ್ಯಾಕ್ಸಿ ಆಫೀಸಿನಲ್ಲಿ ಬೋರ್ಡು ನೋಡಿಕೊಳ್ಳುವವಳು. ಬೋರ್ಡು ಎಂದರೆ ಕಂಪ್ಯೂಟರಿನೊಳಗಿನ ಪಟ್ಟಿ. ಯಾವ ಗಾಡಿ ಎಲ್ಲಿದೆ, ಯಾವುದು ಖಾಲಿ, ಯಾರನ್ನು ಎಲ್ಲಿಂದ ಹತ್ತಿಸಿಕೊಂಡು ಎಲ್ಲಿ ಇಳಿಸಬೇಕು, ಎಲ್ಲ ಅದರಲ್ಲಿರುತ್ತದೆ. ನನ್ನ ಬಲಗಿವಿಗೆ ಗಿರಾಕಿಯ ಫೋನು, ಎಡಗಿವಿಗೆ ಕಂಪ್ಯೂಟರು. ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಇದ್ದರೆ ನನಗೆ ಪರದೆಯ ಗೊಡವೆಯೇ ಬೇಡ. ನನ್ನ ಸ್ಕ್ರೀನ್ ರೀಡರಿನದು ಗಂಭೀರವಾದ ಗಂಡು ದನಿ. ಪಾಠ ಒಪ್ಪಿಸುವ ಹಾಗೆ ಮಾತಾಡುತ್ತಿದ್ದ ಕಾರಣ ನಾನು ಅದಕ್ಕೆ ಮೇಷ್ಟ್ರು ಎಂದು ಹೆಸರಿಟ್ಟಿದ್ದೆ. ಮೇಷ್ಟ್ರನ್ನು ನಾನು ಓಡಿಸುತ್ತಿದ್ದ ವೇಗಕ್ಕೆ, ಬೇರೆಯವರಿಗೆ ಹೊಲಿಗೆ ಮಿಷನ್ ಓಡಿದ ಹಾಗೆ ಕೇಳುತ್ತಿತ್ತಂತೆ. ಫೋನಿನಲ್ಲಿ ಗಿರಾಕಿ ವಿಳಾಸ ಹೇಳಿ ಮುಗಿಸುವಷ್ಟರಲ್ಲಿ ನನ್ನ ಗಾಡಿ ಹೊರಟಿರುತ್ತಿತ್ತು. ಡ್ರೈವರುಗಳೆಲ್ಲ ನನ್ನನ್ನು ಬೋರ್ಡಕ್ಕ ಎನ್ನುತ್ತಾರೆ. ಹೆಸರು ಹಿಡಿದು ಕರೆದರೆ ನಾನೇ ತಿರುಗಿ ನೋಡುವುದಿಲ್ಲ, ಅಷ್ಟು ಒಗ್ಗಿಹೋಗಿದೆ.

"ಹಳೇ ಆಪರೇಟಿಂಗ್ ಸಿಸ್ಟಂ ಕಾಲ ಮುಗೀತಂತೆ" ಎಂದರು ಮಾಲೀಕರು. "ಸೋಮವಾರ ಬೆಳಿಗ್ಗೆ ಎಲ್ಲ ಕಂಪ್ಯೂಟರ್‌ಗೂ ಹೊಸದು ಹಾಕಿಸ್ತಿದೀನಿ."

"ಹೊಸದರಲ್ಲಿ ನಮ್ಮ ಮೇಷ್ಟ್ರು ಮಾತಾಡ್ತಾರಾ ಸರ್?"

ಪಕ್ಕದಲ್ಲಿದ್ದ ಕಂಪ್ಯೂಟರ್ ರಿಪೇರಿಯವರು ಕೆಮ್ಮಿದರು. ಏನು ಕೆಟ್ಟರೂ "ಒಂದ್ಸಲ ರೀಸ್ಟಾರ್ಟ್ ಮಾಡಿ" ಎನ್ನುವುದರಿಂದ ಅವರಿಗೆ ರೀಸ್ಟಾರ್ಟ್ ಎಂದೇ ಹೆಸರು. "ಮೇಷ್ಟ್ರು ಅದರಲ್ಲಿ ನಡೆಯಲ್ಲ ಮೇಡಂ. ಅದಕ್ಕೆ ಅದರದ್ದೇ ಮಾತಾಡೋದು ಏನೋ ಒಂದಿದೆಯಂತೆ. ನಾನಂತೂ ಇದುವರೆಗೂ ಕೇಳಿಲ್ಲ" ಎಂದರು.

"ನಿನಗ್ಯಾಕಮ್ಮಾ ಇಲ್ಲದ ತಾಪತ್ರಯ" ಎಂದರು ಮಾಲೀಕರು, ಬಹಳ ಮೆತ್ತಗೆ. "ನೀನು ಫೋನ್ ತಗೊಂಡು ಬಾಯಲ್ಲಿ ಹೇಳು, ಸಾಕು. ಬೋರ್ಡು ಬಿಡು. ಅಕೌಂಟ್ಸ್‌ನವರು ನೋಡ್ಕೋತಾರೆ."

ಬಿಡಬೇಕಂತೆ! ನನ್ನ ಬೋರ್ಡನ್ನು! ಗಾಡಿ ಎಲ್ಲಿದೆ ಎಂದು ಗೊತ್ತಿಲ್ಲದೆ ಬರೀ ಫೋನ್ ಎತ್ತಿ "ಒಂದು ನಿಮಿಷ ಇರಿ, ಕೇಳಿ ಹೇಳ್ತೀನಿ" ಎನ್ನುವುದು ಒಂದು ಕೆಲಸವೇ? ಕೇಳಿಯೇಬಿಟ್ಟೆ.

"ಸೋಮವಾರ ಅದು ಮಾತಾಡಿದ್ರೆ?"

"ಮಾತಾಡಿದ್ರೆ ಬೋರ್ಡು ನಿಂದೇ. ಆದ್ರೆ ಅವತ್ತು ಕೂತು ಕಲಿಯೋಕೆ ಪುರುಸೊತ್ತಿರಲ್ಲ ನೋಡು. ಬೆಳಿಗ್ಗೆ ಫೋನ್ ನಿಲ್ಲೋದೇ ಇಲ್ಲ."

ಹೊರಡುವ ಮುಂಚೆ ನಾನು ರೀಸ್ಟಾರ್ಟ್ ಅವರ ಮುಂದೆ ಕೈ ಚಾಚಿ ನಿಂತೆ. ಮನೆಯ ಕಂಪ್ಯೂಟರಿಗೆ ಹಾಕಿ ಕಲಿಯಲು ಹೊಸ ಸಿಸ್ಟಂ ತುಂಬಿದ ಪೆನ್‌ಡ್ರೈವ್ ಕೈಗೆ ಬಂದ ಮೇಲೇ ಕದಲಿದೆ.

ಶನಿವಾರವೆಲ್ಲ, ಮನೆಯ ಕಂಪ್ಯೂಟರಿನಲ್ಲೂ ಇದ್ದ ಮೇಷ್ಟ್ರ ಬಾಯಿಂದಲೇ ಅವರ ಉತ್ತರಾಧಿಕಾರಿಯ ವಿಷಯ ಓದಿಸಿದೆ. ಪಾಪ, ಯಾವ ಬೇಸರವೂ ಇಲ್ಲದೆ ಓದಿದರು. ನನ್ನಂಥವರೇ ಎಲ್ಲೆಲ್ಲೋ ಕೂತು ಬರೆದಿಟ್ಟದ್ದು. ಅದರಲ್ಲಿ ಒಂದು ಸಾಲು ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟೆ. ಹೊಸ ಸಿಸ್ಟಂ ಹಾಕಲು ಶುರು ಮಾಡಿದಾಗ ಕಂಪ್ಯೂಟರ್ 'ಬೀಪ್' ಎನ್ನುತ್ತದೆ. ಆಗ ಎಸ್ ಒತ್ತಿ ಎಂಟರ್ ಒತ್ತಿದರೆ, ಮೊದಲ ಹೆಜ್ಜೆಯಿಂದಲೇ ಎಲ್ಲವನ್ನೂ ಓದಿ ಹೇಳುತ್ತದೆ!

ಕಣ್ಣಿದ್ದವರಿಗೆ ಇದರ ಸಂಭ್ರಮ ಅರ್ಥವಾಗುವುದು ಕಷ್ಟ. ನನ್ನ ಕಂಪ್ಯೂಟರಿಗೆ ಯಾವತ್ತು ಏನು ಹಾಕಬೇಕಾದರೂ ಯಾರದ್ದಾದರೂ ಕಣ್ಣು ಸಾಲ ತರಬೇಕಿತ್ತು. ಮಾತಾಡುವ ತಂತ್ರಾಂಶ ಒಳಗೆ ಹೋಗಿ ಕೂರುವವರೆಗೆ ಯಂತ್ರ ಮೂಕಬಸವ. ನನ್ನ ಗಂಡ ಪಕ್ಕದಲ್ಲಿ ಕೂತು, "ಏನೋ ನೀಲಿ ಬಂತು... ಅದೂ ಹೋಯ್ತು... ಏನೋ ತಿರುಗ್ತಿದೆ" ಎಂದು ಹೇಳುತ್ತಿದ್ದರೆ ನಾನು ಹಲ್ಲು ಕಡಿದು ಕೂತಿರುತ್ತಿದ್ದೆ. ಇದೋ, ಹುಟ್ಟುತ್ತಲೇ ಮಾತಾಡುವ ಕಂಪ್ಯೂಟರು! ಇನ್ನೊಬ್ಬರ ಹಂಗಿಲ್ಲದೆ, ನಾನೇ, ನನ್ನ ಕೈಯಾರೆ ಹಾಕಬಹುದು! ಅವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾನುವಾರ ನನ್ನ ಗಂಡ ಗೆಳೆಯರೊಬ್ಬರ ಮನೆ ಸಾಮಾನು ಸಾಗಿಸಲು ಹೊರಟರು. "ನಾನು ಬರೋವರೆಗೂ ತಡಿ, ಒಟ್ಟಿಗೆ ಹಾಕೋಣ" ಎಂದರು.

"ರೀ, ನೀವು ಬರೋಷ್ಟರಲ್ಲಿ ಮುಗಿಸಿ ಕಾಫಿ ಕುಡೀತಿರ್ತೀನಿ, ಹೋಗಿ" ಎಂದು ಬಾಗಿಲ ತನಕ ತಳ್ಳಿಕೊಂಡು ಹೋದೆ.

ಕಷ್ಟ ಇದ್ದದ್ದು ಅತ್ತೆಯವರದು. ನನ್ನ ಕಂಪ್ಯೂಟರಿನ ಪೆಟ್ಟಿಗೆ ಇರುವುದು ಹಜಾರದಲ್ಲಿ, ಮೇಜಿನ ಕೆಳಗೆ. ಮೇಜಿನ ಮೇಲೆ ಕೀಬೋರ್ಡು ಮತ್ತು ಹೆಡ್‌ಫೋನ್ ಬಿಟ್ಟರೆ ಏನೂ ಇಲ್ಲ. ಪರದೆ ಇಟ್ಟುಕೊಂಡು ನಾನೇನು ಮಾಡಲಿ, ಧೂಳು ಒರೆಸಲೇ? ಅದರ ಬದಲು ನನ್ನ ಗಂಡ ಗೋಡೆಗೆ ತೂತು ಕೊರೆದು, ಕೇಬಲ್ ಎಳೆದು, ಅತ್ತೆಯ ಕೋಣೆಯ ಟಿವಿಗೆ ಜೋಡಿಸಿದ್ದರು. ಭಾನುವಾರ ಮಧ್ಯಾಹ್ನ ನಾನು ಇಲ್ಲಿ ಹಳೆಯ ಸಿನಿಮಾ ಹಾಕುತ್ತೇನೆ, ಅದು ಅಲ್ಲಿ ಓಡುತ್ತದೆ, ಅತ್ತೆ ಕಾಲು ಚಾಚಿ ನೋಡುತ್ತಾರೆ. ಈ ಭಾನುವಾರ ಸಿನಿಮಾ ಇಲ್ಲ ಎಂದಾಗ ಅವರ ಮುಖ ಊದಿಕೊಂಡಿತು. ಮುಖ ಕಾಣಬೇಕಿಲ್ಲ, ಉಸಿರಿನಲ್ಲೇ ಗೊತ್ತಾಗುತ್ತದೆ.

"ಚೆನ್ನಾಗಿ ನಡೀತಿರೋದನ್ನ ಯಾಕೆ ಕೆದಕ್ತೀಯ? ಬಿಡು. ಅವನು ಬಂದು ಮಾಡ್ತಾನೆ."

"ಇಲ್ಲ ಅತ್ತೆ. ನಾಳೆ ಬೆಳಿಗ್ಗೆಯೊಳಗೆ ನಾನೇ ಕಲಿತಿರ್ಬೇಕು. ಇಲ್ಲಾಂದ್ರೆ ನನ್ನ ಬೋರ್ಡು ಹೋಗುತ್ತೆ."

"ಹೂಂ, ಮಾಡು ಮಾಡು. ನೀನು ಮುಗಿಸೋವರೆಗೂ ನಾನು ಖಾಲಿ ಟಿವಿ ನೋಡ್ಕೊಂಡು ಕೂತಿರ್ತೀನಿ" ಎಂದು ಕೋಣೆಗೆ ಹೋಗಿ ನಿಜವಾಗಿಯೂ ಟಿವಿ ಹಾಕಿಕೊಂಡು ಕೂತರು. ಅದು ಅವರ ಸತ್ಯಾಗ್ರಹ.

ನಮ್ಮ ಸಿನಿಮಾಗಳು, ಫೋಟೋಗಳು, ನನ್ನ ಬರಹಗಳು, ಎಲ್ಲವನ್ನೂ ಮೊದಲೇ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟಿದ್ದೆ. "ಹೋಗಿ ಬನ್ನಿ ಮೇಷ್ಟ್ರೇ" ಎಂದು ಕಂಪ್ಯೂಟರ್ ಆರಿಸಿದೆ. ಇಷ್ಟು ವರ್ಷ ನನ್ನ ಎಡಗಿವಿಯಲ್ಲೇ ಬದುಕಿದ್ದವರು. ಕರುಳು ಸ್ವಲ್ಪ ಚುರ್ ಎಂದಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದೆ. ಮೈಯೆಲ್ಲ ಕಿವಿ ಮಾಡಿಕೊಂಡು ಕೂತೆ.

ಬೀಪ್.

ಎಸ್. ಎಂಟರ್. ಫ್ಯಾನು ಗರ್ ಎಂದಿತು, ಸುಮ್ಮನಾಯಿತು. ಆಮೇಲೆ ಹೆಡ್‌ಫೋನಿನಲ್ಲಿ, ನೆಗಡಿಯಾದವಳು ಮೂಗಿನಲ್ಲಿ ಮಾತಾಡುವ ಹಾಗೆ, ಒಂದು ಹೆಣ್ಣು ದನಿ: "ಭಾಷೆ ಆರಿಸಿ."

"ಅಯ್ಯೋ ನನ್ನ ಬಂಗಾರ!" ಎಂದು ಕೂಗಿಬಿಟ್ಟೆ.

"ಏನಾಯ್ತೇ?" ಎಂದರು ಅತ್ತೆ ಒಳಗಿನಿಂದ.

"ಮಾತಾಡಿದ್ಲು ಅತ್ತೆ! ಮಾತಾಡಿದ್ಲು!"

ಕೇಳಲು ಇಂಪಾದ ದನಿಯೇನಲ್ಲ. ನಾನು ಒತ್ತಿದ ಒಂದೊಂದು ಅಕ್ಷರವನ್ನೂ ಎತ್ತಿ ಆಡುತ್ತಿದ್ದಳು, ತಪ್ಪು ಒತ್ತಿದರೆ ಅದನ್ನೂ ಬಿಡದೆ ಹೇಳುತ್ತಿದ್ದಳು. ನನ್ನ ಗಂಡನಿಗೆ ತಂಗಿಯರಿಲ್ಲ. ಆ ಕೊರತೆ ಇವಳಿಂದ ನೀಗಿತು ಎಂದುಕೊಂಡು ಅಲ್ಲೇ ಅವಳಿಗೆ ನಾದಿನಿ ಎಂದು ಹೆಸರಿಟ್ಟೆ. ನಾದಿನಿ ಕೇಳಿದಳು, ನಾನು ಹೇಳಿದೆ. ಯಾವ ಕೀಬೋರ್ಡು, ಏನು ಹೆಸರು, ಯಾವ ಪಾಸ್‌ವರ್ಡು. "ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮುಂದುವರಿಯಲೇ?" ಎಂದಾಗ ಮಾತ್ರ ಬೆರಳು ಒಂದು ಗಳಿಗೆ ನಿಂತಿತು. "ಹೌದು" ಎಂಬಲ್ಲಿ ಎಂಟರ್ ಒತ್ತಿದೆ. ಕೂತಲ್ಲೇ ಕುಣಿಯುತ್ತಿದ್ದೆ. ಕೊನೆಗೆ ನಾದಿನಿ, "ಕೆಲಸ ಮುಗಿಯಿತು. ಈಗ ಮತ್ತೆ ಶುರುವಾಗುತ್ತದೆ" ಎಂದಳು.

ಮತ್ತೆ ಶುರುವಾಯಿತು. ಫ್ಯಾನು ಗರ್ ಎಂದಿತು, ಸುಮ್ಮನಾಯಿತು. ನಾನು ಕಾದೆ.

ಏನೂ ಇಲ್ಲ.

ಸ್ಕ್ರೀನ್ ರೀಡರ್ ಎಬ್ಬಿಸುವ ಕೀಗಳನ್ನು ಒತ್ತಿದೆ. ಇಲ್ಲ. ಹೆಡ್‌ಫೋನ್ ಕಿತ್ತು ಮತ್ತೆ ಚುಚ್ಚಿದೆ. ಇಲ್ಲ. ದನಿ ಹೆಚ್ಚಿಸುವ ಕೀಯನ್ನು ಬೆರಳು ನೋಯುವ ತನಕ ಅದುಮಿದೆ. ರೀಸ್ಟಾರ್ಟ್ ಅವರನ್ನು ನೆನೆದು ಒಮ್ಮೆ ಆರಿಸಿ ಹಾಕಿಯೂ ನೋಡಿದೆ. ನನ್ನ ಕಿವಿಯಲ್ಲಿ ಬರೀ ನನ್ನ ಉಸಿರು. ಮೇಷ್ಟ್ರನ್ನು ನಾನೇ ನನ್ನ ಕೈಯಾರೆ ಅಳಿಸಿದ್ದೇನೆ, ನಾದಿನಿ ಬಾಯಿ ಬಿಡುತ್ತಿಲ್ಲ, ನಾಳೆ ಬೆಳಿಗ್ಗೆ ಆಫೀಸಿನಲ್ಲೂ ಇದೇ ಗತಿಯಾದರೆ ಬೋರ್ಡಕ್ಕ ಹೋಗಿ ಬರೀ ಫೋನಕ್ಕ ಆಗುತ್ತೇನೆ. ಎಲ್ಲರೂ ಬಿಡು ಬಿಡು ಎಂದದ್ದು ಸರಿಯೇ ಇತ್ತೇನೋ ಎಂಬ ಯೋಚನೆ ಬಂತು ನೋಡಿ, ಅದಕ್ಕೆ ನನಗೆ ಅಳು ಬಂದದ್ದು. ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದೆ.

ಹೆಡ್‌ಫೋನ್ ತೆಗೆದ ಮೇಲೇ ಅತ್ತೆ ಕೂಗುತ್ತಿರುವುದು ಕೇಳಿದ್ದು.

"ಏ ಹುಡುಗೀ! ಆಗಿನಿಂದ ಕರೀತಿದೀನಿ, ಕಿವೀಲೇನು ಹತ್ತಿ ಇಟ್ಕೊಂಡಿದೀಯಾ? ನನ್ನ ಟಿವೀಲಿ ಯಾವಳೋ ಕೂತ್ಕೊಂಡು ಗೊಣಗ್ತಿದಾಳೆ!"

ಎದ್ದ ರಭಸಕ್ಕೆ ಮೊಣಕಾಲು ಮೇಜಿಗೆ ಬಡಿಯಿತು. "ಏನಂತಿದಾಳೆ ಅತ್ತೆ?"

"ಮೂಗಲ್ಲಿ ಮಾತಾಡ್ತಾಳೆ, ಏನು ತಿಳಿಯುತ್ತೆ? ಪಾಸ್‌ವರ್ಡ್ ಕೊಡು ಅಂತಾಳೆ. ಗುರುತು ಪರಿಚಯ ಇಲ್ಲ, ನಾನ್ಯಾಕೆ ಕೊಡ್ಲಿ ಇವಳಿಗೆ?"

ಆಗ ಹೊಳೆಯಿತು ನೋಡಿ! ಕಂಪ್ಯೂಟರಿಗಿದ್ದ ಪರದೆ ಅದೊಂದೇ, ಅತ್ತೆಯ ಟಿವಿ. ಪರದೆ ಇರುವಲ್ಲೇ ಜನ ಇರುತ್ತಾರೆ ಎಂದು ಆ ಹೊಸ ಸಿಸ್ಟಂ ಮತ್ತೆ ಶುರುವಾದಾಗ ತಾನೇ ತೀರ್ಮಾನ ಮಾಡಿ, ಅದುವರೆಗೆ ನನ್ನ ಕಿವಿಗೆ ಬರುತ್ತಿದ್ದ ದನಿಯನ್ನೂ ಅಲ್ಲಿಗೇ ಕಳಿಸಿದೆ. ಹಳೆಯದರಲ್ಲಿ ದನಿ ನನಗೆ, ಸಿನಿಮಾ ಅತ್ತೆಗೆ ಎಂದು ಯಾವತ್ತೋ ನಾನು ಹೊಂದಿಸಿಟ್ಟಿದ್ದೆ, ಮರೆತೂ ಬಿಟ್ಟಿದ್ದೆ. ಇಷ್ಟು ಹೊತ್ತು ನಾದಿನಿ ಬಾಯಿ ಮುಚ್ಚಿಯೇ ಇರಲಿಲ್ಲ. ಪರದೆ ಬೇಡದವಳ ಮನೆಯಲ್ಲಿ ಮಾತ್ರ ಆಗಬಹುದಾದ ಎಡವಟ್ಟು ಇದು.

"ತಡಿ ತಡಿ, ನಾನೇ ಬಂದೆ" ಎಂದರು ಅತ್ತೆ. ಮಂಚ ಕಿರ್ ಎಂದಿತು. "ನೀನು ಬಿಡು. ಎಲ್ಲಿ ಒತ್ಬೇಕು ಹೇಳು, ನಾನು ಒತ್ತೀನಿ."

"ಅತ್ತೆ, ಏಳ್ಬೇಡಿ!" ಎಂದು ಕಿರುಚಿದೆ. "ನೀವು ಇಲ್ಲಿಗೆ ಬಂದ್ರೆ ಅವಳು ಹೇಳೋದನ್ನ ಅಲ್ಲಿ ಕೇಳೋರು ಯಾರು?"

ಮಂಚ ಮತ್ತೆ ಕಿರ್ ಎಂದಿತು. ಕೂತರು.

ನಾನಾದರೂ ಅಲ್ಲಿಗೆ ಹೋಗೋಣವೆಂದರೆ ಕೀಬೋರ್ಡಿನ ವೈರು ಬಾಗಿಲ ತನಕವೂ ಬಾರದು. ಟಿವಿ ಜೋರು ಮಾಡಿಸಿ ನೋಡಿದೆ, ಗೋಡೆಯಾಚೆಯಿಂದ ಬರೀ ಗುಂಯ್ ಎಂದು ಕೇಳಿತು. ಅತ್ತೆ ಪರದೆ ನೋಡಿ ಓದಲಿ ಎಂದರೆ ಕನ್ನಡಕ ಬೇಕು. ಅವರ ಕನ್ನಡಕ ಎಲ್ಲಿರುತ್ತದೆ ಎಂದು ಈ ಮನೆಯಲ್ಲಿ ಯಾವಾಗಲೂ ಗೊತ್ತಿರುವುದು ನನಗೊಬ್ಬಳಿಗೇ, ಅವತ್ತು ನನಗೂ ಗೊತ್ತಿರಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ. ನಾದಿನಿ ಅತ್ತೆಗೆ ಹೇಳಬೇಕು, ಅತ್ತೆ ನನಗೆ ಕೂಗಬೇಕು, ನಾನು ಒತ್ತಬೇಕು.

"ಪಾಸ್‌ವರ್ಡ್ ಹೊಡೀತೀನಿ ಅತ್ತೆ, ಕೇಳಿಸ್ಕೊಳ್ಳಿ."

"ಚುಕ್ಕೆ, ಚುಕ್ಕೆ, ಚುಕ್ಕೆ ಅಂತಾಳೆ. ನೆಟ್ಟಗೆ ಮಾತಾಡೋಕೇನು ಧಾಡಿ ಇವಳಿಗೆ?"

"ಅದು ಗುಟ್ಟು ಅತ್ತೆ, ಅದಕ್ಕೇ ಚುಕ್ಕೆ."

"ಓ! ಸ್ವಾಗತ ಅಂದ್ಲು! ಮರ್ಯಾದಸ್ಥಳೇ ಪರವಾಗಿಲ್ಲ."

ಸೆಟ್ಟಿಂಗ್ಸ್ ಹುಡುಕುವ ಕೀ ಒತ್ತಿ 'ಧ್ವನಿ' ಎಂದು ಹೊಡೆದೆ. ಅತ್ತೆ, "ಧ್ವನಿ ಅಂದ್ಲು!" ಎಂದರು. ಎಂಟರ್. ಆಮೇಲೆ ಟ್ಯಾಬ್ ಒತ್ತುತ್ತ ಹೋದೆ. ಒಂದೊಂದು ಒತ್ತಿಗೂ ನಾದಿನಿ ಒಂದೊಂದು ಹೇಳಬೇಕು. ಅತ್ತೆಯ ಕಡೆಯಿಂದ ಬಂದದ್ದು, "ಏನೋ ಬೇಡದ್ದು ಹೇಳಿದ್ಲು, ಮುಂದೆ ಹೋಗು."

"ಬೇಕಾದ್ದು ಬೇಡದ್ದು ನಾನು ನೋಡ್ಕೋತೀನಿ ಅತ್ತೆ. ಅವಳು ಹೇಳಿದ್ದೆಲ್ಲ ಹೇಳಿ!"

"ಓಹೋಹೋ, ಏನು ಜೋರು! ಸರಿ, ಕೇಳು. ಒಟ್ಟು ದನಿ ಅಂದ್ಲು. ಈಗ ಎಡ ಬಲ ಅಂತೇನೋ ಅಂದ್ಲು. ಈಗ... ಹೊರಹೋಗುವ ದನಿ, ಟಿವಿ ಅಂದ್ಲು!"

"ಅದೇ! ಅದೇ ಅತ್ತೆ! ಈಗ ಕೆಳಗಿನ ಬಾಣ ಒತ್ತೀನಿ."

"ಹೆಡ್‌ಫೋನ್ ಅಂದ್ಲು... ಅಯ್ಯೋ, ದಾಟಿ ಹೋಯ್ತು! ಹಿಂದಕ್ಕೆ, ಹಿಂದಕ್ಕೆ, ಬಾ, ಬಾ, ಇನ್ನೊಂಚೂರು ಬಾ... ಹಾಂ, ನಿಲ್ಸು!"

ನಮ್ಮ ಸ್ಟ್ಯಾಂಡಿನಲ್ಲಿ ಗಾಡಿಯನ್ನು ರಿವರ್ಸ್ ತೆಗೆಸುವವರೂ ಇಷ್ಟು ಚೆನ್ನಾಗಿ ಕೂಗುವುದಿಲ್ಲ. ಅಷ್ಟು ಗಾಬರಿಯಲ್ಲೂ ನಗು ಬಂತು. ಹೆಡ್‌ಫೋನ್ ಏರಿಸಿಕೊಂಡು ಎಂಟರ್ ಒತ್ತಿದೆ.

"ಹೆಡ್‌ಫೋನ್. ಆಯ್ಕೆಯಾಗಿದೆ" ಎಂದಳು ನಾದಿನಿ, ನನ್ನ ಎರಡೂ ಕಿವಿಗಳಲ್ಲಿ, ಮೂಗಿನಲ್ಲೇ.

"ಏ, ನಿಂತೇ ಹೋಯ್ತಲ್ಲೇ!" ಎಂದರು ಅತ್ತೆ. ಸಿನಿಮಾ ಅರ್ಧಕ್ಕೆ ನಿಂತಾಗ ಬರುವ ದನಿ ಅದು.

"ನನ್ನ ಹತ್ರ ಬಂದ್ಲು ಅತ್ತೆ! ಬಂದ್ಲು! ಬಂದೇ ಬಿಟ್ಲು!" ಹಜಾರದಲ್ಲಿ ಒಂದು ಸುತ್ತು ಕುಣಿದೆ, ಹೆಡ್‌ಫೋನಿನ ವೈರು ಎಳೆದದ್ದೂ ಗೊತ್ತಾಗಲಿಲ್ಲ. ಅತ್ತೆ ಬಂದು ಬಾಗಿಲಲ್ಲಿ ನಿಂತರು. "ಈಗೇನಂತಾಳೆ?" ಎಂದು ಕೇಳಿದರು. ನಾನು ಕುರ್ಚಿಯಲ್ಲಿ ಜರುಗಿ ಪಕ್ಕಕ್ಕೆ ಕೂರಿಸಿಕೊಂಡು, ಹೆಡ್‌ಫೋನಿನ ಒಂದು ಕಡೆಯನ್ನು ಅವರ ಕಿವಿಗಿಟ್ಟೆ. ಕೆನ್ನೆಗೆ ಕೆನ್ನೆ ಒತ್ತಿ ಕೂತೆವು. ಸಂಜೆ ತನಕ ನಾನು ಕೀಗಳನ್ನು ಕಲಿತೆ, ನಾದಿನಿಯ ವೇಗ ಏರಿಸಿದೆ, ಅವಳ ಮೂಗಿಗೆ ನನ್ನ ಕಿವಿ ಒಗ್ಗಿಸಿದೆ. ಅತ್ತೆ ಪಕ್ಕದಲ್ಲೇ ಇದ್ದರು. ಒಮ್ಮೆಯೂ ಕೀಬೋರ್ಡಿಗೆ ಕೈ ಹಾಕಲಿಲ್ಲ.

ಸೋಮವಾರ ನಾನು ಆಫೀಸು ಮುಟ್ಟುವಷ್ಟರಲ್ಲಿ ಫೋನುಗಳು ಬಡಿದುಕೊಳ್ಳುತ್ತಿದ್ದವು. ರೀಸ್ಟಾರ್ಟ್ ನನ್ನ ಕಂಪ್ಯೂಟರಿಗೆ ಹೊಸ ಸಿಸ್ಟಂ ಹಾಕಿ ಎದ್ದು ನಿಂತಿದ್ದರು. "ನೀವು ಫೋನಲ್ಲಿ ಹೇಳಿದ ಕೀ ಒತ್ತಿದೆ ಮೇಡಂ. ಮಾತಾಡೋದು ಆನ್ ಆಗಿದೆ ಅಂತ ಪರದೆ ಮೇಲೆ ಬರುತ್ತೆ. ಆದ್ರೆ ಉಸಿರಿಲ್ಲ. ಎರಡು ಸಲ ರೀಸ್ಟಾರ್ಟೂ ಮಾಡ್ದೆ" ಎಂದರು. ಪಾಪ, ಅವರ ದನಿಯೇ ಬಿದ್ದುಹೋಗಿತ್ತು.

ಹೆಡ್‌ಫೋನ್ ಹಾಕಿಕೊಂಡೆ. ಸದ್ದಿಲ್ಲ. ಮಾಲೀಕರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಹೋಗ್ಲಿ ಬಿಡಮ್ಮಾ. ನೀನು ಪ್ರಯತ್ನ ಪಟ್ಟೆಯಲ್ಲ" ಎಂದರು.

"ಸರ್, ಡ್ರೈವರ್ ರೂಮಲ್ಲಿ ಬೋರ್ಡು ತೋರಿಸೋ ದೊಡ್ಡ ಟಿವಿ ಇದೆಯಲ್ಲ, ಅದರ ಕೇಬಲ್ ನನ್ನ ಕಂಪ್ಯೂಟರಿಂದ ತಾನೇ ಹೋಗೋದು?"

"ಹೌದು. ಯಾಕೆ?"

"ಅದರ ಸೌಂಡ್ ಯಾರಾದ್ರೂ ಸ್ವಲ್ಪ ಜೋರು ಮಾಡಿ."

ಮಾಲೀಕರಿಗೆ ತಲೆಬುಡ ತಿಳಿಯಲಿಲ್ಲ, ಆದರೂ ಒಳಗೆ ಕೂಗಿ ಹೇಳಿದರು. ಒಂದು ಗಳಿಗೆ ಆಗಿರಬಹುದು. ಹಾರ್ನಿನ ಮೇಲಿಂದ ಕೈ ತೆಗೆಯದ ನಮ್ಮ ಹಾರ್ನಣ್ಣ ಒಳಗಿನಿಂದ ಬೊಬ್ಬೆ ಹಾಕಿದ: "ಬೋರ್ಡಕ್ಕಾ! ಟಿವೀಲಿ ಯಾವಳೋ ಕೂತ್ಕೊಂಡು ಗೊಣಗ್ತಿದಾಳೆ!"

ಅತ್ತೆಯ ಮಾತೇ, ಒಂದಕ್ಷರ ಆಚೀಚೆ ಇಲ್ಲ. ನಾನು ನಗುತ್ತಲೇ ಕೀಬೋರ್ಡು ಎಳೆದುಕೊಂಡೆ. ಈ ಸಲ ಯಾರೂ ಕೂಗಿ ಹೇಳಬೇಕಿರಲಿಲ್ಲ. ದಾರಿ ಬೆರಳಿಗೆ ಗೊತ್ತಿತ್ತು. ಹುಡುಕು, ಧ್ವನಿ, ಎಂಟರ್, ಟ್ಯಾಬ್, ಟ್ಯಾಬ್, ಟ್ಯಾಬ್, ಕೆಳಗಿನ ಬಾಣ ಒಂದೇ ಸಲ, ದಾಟದ ಹಾಗೆ. ಎಂಟರ್.

"ಹೆಡ್‌ಫೋನ್. ಆಯ್ಕೆಯಾಗಿದೆ."

ವೇಗ ಏರಿಸಿ ಬೋರ್ಡು ತೆರೆದೆ. ನಾದಿನಿ ಹೊಲಿಗೆ ಮಿಷನ್ ವೇಗದಲ್ಲಿ ಶುರು ಮಾಡಿದಳು. ಯಾವ ಗಾಡಿ ಖಾಲಿ, ಯಾವುದು ಸ್ಟೇಷನ್ ಹತ್ತಿರ, ಯಾವುದು ಪೆಟ್ರೋಲ್ ಬಂಕಿನಲ್ಲಿ. ನನ್ನ ಇಡೀ ಊರು ಎಡಗಿವಿಗೆ ಮರಳಿ ಬಂತು. ಆ ಖುಷಿಯನ್ನು ಹೇಗೆ ಹೇಳಲಿ, ಜೋರಾಗಿ ಹಾಡಬೇಕು ಅನ್ನಿಸಿತು.

"ಮಾತಾಡ್ತಾ?" ಎಂದರು ಮಾಲೀಕರು. "ಎಲ್ಲಿಗೆ ಹೋಗಿತ್ತು?" ಎಂದರು ರೀಸ್ಟಾರ್ಟ್. ಅವರಿಗೆ ನನಗಿಂತ ಹೆಚ್ಚು ಸಂತೋಷವಾದ ಹಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ಬಲಗಿವಿಗೆ ಹಿಡಿದೆ.

"ಹಲೋ, ಟ್ಯಾಕ್ಸಿ ಆಫೀಸಾ? ಒಂದು ಗಾಡಿ ಬೇಕಿತ್ತು."

ಮೊಣಕಾಲು ನೋವಿದ್ದರೂ ಬಸ್ಸೇ ಸಾಕು ಎನ್ನುವ, ಟ್ಯಾಕ್ಸಿಯ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದೂ ಗೊತ್ತಿಲ್ಲದ ನಮ್ಮತ್ತೆ!

ನಾನು ಆಫೀಸಿನ ದನಿಯಲ್ಲೇ ಕೇಳಿದೆ. "ಎಲ್ಲಿಂದ ಅಮ್ಮಾ?"

"ನಮ್ಮನೆಯಿಂದ."

"ಎಲ್ಲಿಗೆ?"

"ಅದಿರ್ಲಿ, ಮೊದಲು ಹೇಳು. ಅವಳು ಮಾತಾಡಿದ್ಲಾ?"

ನಾನು ಹೆಡ್‌ಫೋನ್ ತೆಗೆದು ಫೋನಿಗೆ ಹಿಡಿದು, ಬಾಣದ ಕೀ ಒತ್ತಿದೆ. ನಾದಿನಿ ಒಂದಷ್ಟು ಗೊಣಗಿದಳು. ಮತ್ತೆ ಫೋನ್ ಕಿವಿಗಿಟ್ಟಾಗ ಅತ್ತೆ ನಗುತ್ತಿದ್ದರು. "ಅವಳೇ, ಅವಳೇ! ಅಲ್ಲಿ ಯಾರ ಟಿವೀಲಿ ಹೋಗಿ ಕೂತಿದ್ಲು?"

"ಡ್ರೈವರ್‌ಗಳ ಟಿವೀಲಿ ಅತ್ತೆ."

"ಅಯ್ಯೋ! ಅಲ್ಲಿ ಕೇಳಿ ಹೇಳೋಕೆ ಯಾರಿದ್ರು ನಿನಗೆ?"

"ಯಾರೂ ಬೇಕಾಗ್ಲಿಲ್ಲ ಅತ್ತೆ. ನೀವು ನಿನ್ನೆ ಹೇಳಿದ್ದು ಹಾಗೇ ಬೆರಳಲ್ಲಿತ್ತು."

ಅತ್ತೆ ಮೂಗೊರೆಸಿಕೊಂಡ ಸದ್ದು ಕೇಳಿತು. "ಹಾಗಾದ್ರೆ ಗಾಡಿ ಕಳಿಸು. ನಿಮ್ಮ ಆಫೀಸಿಗೇ. ನೀನು ಬೋರ್ಡು ನಡೆಸೋದನ್ನ ನಾನೊಂದ್ಸಲ ಕೂತು ಕೇಳ್ಬೇಕು."

ನನ್ನ ಬೆರಳುಗಳು ಓಡಿದವು. ಅತ್ತೆ, ನಮ್ಮ ಮನೆ, ಟ್ಯಾಕ್ಸಿ ಆಫೀಸು. ನಾದಿನಿ ಅಕ್ಷರ ಬಿಡದೆ ಎತ್ತಿ ಆಡಿದಳು. ನಮ್ಮ ಬೀದಿಗೆ ಹತ್ತಿರವಿದ್ದ ಖಾಲಿ ಗಾಡಿ ಹಾರ್ನಣ್ಣನ ತಮ್ಮನದು, ಅದನ್ನೇ ಹಾಕಿದೆ.

"ಯಾರಮ್ಮಾ ಮೊದಲ ಗಿರಾಕಿ?" ಎಂದರು ಮಾಲೀಕರು.

"ನಮ್ಮತ್ತೆ ಸರ್."

"ಹೌದಾ! ಹಾಗಾದ್ರೆ ಬೋರ್ಡಿಗೆ ಹಾಕ್ಬೇಡ, ಬಿಡು. ನಾನೇ ಹೋಗಿ ಕರ್ಕೊಂಡು ಬರ್ತೀನಿ."

"ಬಿಡಲ್ಲ ಸರ್" ಎಂದೆ. "ಗಾಡಿ ಆಗ್ಲೇ ಹೊರಟಿದೆ." ಅಷ್ಟರಲ್ಲಿ ಇನ್ನೊಂದು ಫೋನ್ ಬಂತು, ಎತ್ತಿದೆ.